ಜಾರುವ ಪಟ್ಟಿ, ಹಟ ಬಿಡದ ಕಣ್ಣು

ತುಮಕೂರಿನ ನಮ್ಮ ಕಾಲೇಜಿನಲ್ಲಿ ಸೈಕಾಲಜಿ ಓದಿದವರಿಗೆ ದೃಷ್ಟಿಭ್ರಮೆ ಅಳೆಯುವ ಮುಲ್ಲರ್-ಲೈಯರ್ ಹಲಗೆ ಮರೆಯುವಂಥದ್ದಲ್ಲ. ಒಂದು ಗೆರೆಯ ಎರಡೂ ತುದಿಯಲ್ಲಿ ಗರಿಗಳು, ಅಂದರೆ ಸಣ್ಣ ಓರೆಗೆರೆಗಳು, ಬಾಣದ ಮೊನೆಯಂತೆ ಒಳಕ್ಕೆ ಬಾಗಿವೆ. ಪಕ್ಕದ್ದರಲ್ಲಿ ಹೊರಕ್ಕೆ ಚಾಚಿವೆ. ಉದ್ದ ಒಂದೇ ಆದರೂ ಎರಡನೆಯದು ಉದ್ದವಾಗಿ ಕಾಣುತ್ತದೆ. ಜರ್ಮನಿಯ ಫ್ರಾಂಟ್ಸ್ ಮುಲ್ಲರ್-ಲೈಯರ್ 1889ರಲ್ಲಿ ಪ್ರಕಟಿಸಿದ ಚಿತ್ರ ಇದು. ಸ್ಕೇಲ್ ಇಟ್ಟು ಅಳೆದು ತೋರಿಸಿದ ಮೇಲೂ ಕಣ್ಣು ಒಪ್ಪುವುದಿಲ್ಲ.

ಬಾಣಮೊನೆಯ ಗೆರೆ ಹಲಗೆಯ ಮೇಲೆ ಸ್ಥಿರ, ಅದು 15 ಸೆಂ.ಮೀ. ಎಂದಿಟ್ಟುಕೊಳ್ಳಿ. ಇನ್ನೊಂದು ಗೆರೆ ಜಾರುವ ಪಟ್ಟಿಯ ಮೇಲೆ. ನಡುವಿನ ಗರಿ ಎರಡಕ್ಕೂ ಒಂದೇ. ಸಬ್ಜೆಕ್ಟ್ ಆಗಿ, ಅಂದರೆ ಪ್ರಯೋಗಕ್ಕೆ ಒಳಗಾಗಲು, ಕೂತವರು ಪಟ್ಟಿ ಎಳೆದು ಎರಡನ್ನೂ ಸಮ ಮಾಡಬೇಕು. ತೀರಾ ಗಿಡ್ಡದಿಂದ ಶುರುಮಾಡಿ 10 ಸಲ, ತೀರಾ ಉದ್ದದಿಂದ 10 ಸಲ. ಒಂದೇ ಕಡೆಯಿಂದ ಎಳೆಯುತ್ತಿದ್ದರೆ ಕೈ ಬೇಗ ನಿಂತುಬಿಡುತ್ತದೆ, ಅದಕ್ಕೇ ಈ ಎರಡು ದಿಕ್ಕು. ಅರ್ಧ ಸಲ ಹಲಗೆಯನ್ನು ತಿರುಗಿಸಿ ಎಡಬಲವನ್ನೂ ಅದಲುಬದಲು ಮಾಡಬೇಕು. ಇಪ್ಪತ್ತರ ಸರಾಸರಿ 12.6 ಬಂದರೆ ಭ್ರಮೆ 2.4 ಸೆಂ.ಮೀ., ಅಂದರೆ ಶೇ. 16.

ಕೆಡುವುದು ಸಣ್ಣ ಸಣ್ಣ ಕಡೆ. ನಡುನಡುವೆ 'ಇಷ್ಟು ಬಂತು' ಎಂದು ಹೇಳಿದರೆ ಮುಗಿಯಿತು, ಮುಂದಿನ ಸಲ ಕಣ್ಣಲ್ಲ, ಲೆಕ್ಕ ಪಟ್ಟಿ ಎಳೆಯುತ್ತದೆ. ಮತ್ತೆ ಮತ್ತೆ ಮಾಡಿದವರಲ್ಲಿ ಭ್ರಮೆ ತಾನಾಗಿಯೇ ಕುಗ್ಗುತ್ತದೆ. ವಾರವಿಡೀ ಪಳಗಿಸಿದ ಗೆಳೆಯನನ್ನೇ ಪರೀಕ್ಷೆಗೆ ಕೂರಿಸುವುದು ಜಾಣತನವಲ್ಲ.

ಕಾರಣ ಕೇಳಿದರೆ ಎಲ್ಲರೂ ಬರೆಯುವುದು ಬ್ರಿಟಿಷ್ ಮನೋವಿಜ್ಞಾನಿ ರಿಚರ್ಡ್ ಗ್ರೆಗರಿಯ ವಿವರಣೆ: ಹೊರಚಾಚಿದ ಗರಿ ಕೋಣೆಯ ದೂರದ ಮೂಲೆಯಂತೆ ಕಾಣುವುದರಿಂದ ಮಿದುಳು ಆ ಗೆರೆಯನ್ನು ಹಿಗ್ಗಿಸುತ್ತದೆ. ಚೆಂದದ ಉತ್ತರ, ಆದರೆ ಪೂರ್ತಿ ಸಾಲದು. ಗರಿ ತೆಗೆದು ತುದಿಗಳಲ್ಲಿ ಬರೀ ವೃತ್ತ ಬರೆದರೂ ಮೋಸ ಉಳಿಯುತ್ತದೆ. ವೃತ್ತದಲ್ಲಿ ಯಾವ ಮೂಲೆ? ಕಣ್ಣು ಗೆರೆಯನ್ನು ಒಂಟಿಯಾಗಿ ಅಳೆಯದೆ ಇಡೀ ಆಕೃತಿಯನ್ನು ಸೇರಿಸಿಯೇ ತೂಗುತ್ತದೆ ಎನ್ನುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಹತ್ತಿರ-ದೂರದ ಈ ಮಾತು ಹೆಚ್ಚು ಹೊಂದುವುದು ಪೊಂಜೋ ಎಂಬ ಇನ್ನೊಂದು ದೃಷ್ಟಿಭ್ರಮೆಯ ಚಿತ್ರಕ್ಕೆ. ತುಮಕೂರು ಸ್ಟೇಷನ್ನಿನ ಮೇಲ್ಸೇತುವೆಯಿಂದ ಕ್ಯಾತ್ಸಂದ್ರದ ಕಡೆ ನೋಡಿ: ಹಳಿಗಳ ಅಂತರ ಉದ್ದಕ್ಕೂ 1676 ಮಿ.ಮೀ., ಕಣ್ಣಿಗೆ ಮಾತ್ರ ದೂರ ಹೋದಂತೆ ಕೂಡುತ್ತವೆ. ಆ ನೋಟದ ಫೋಟೋ ತೆಗೆದು ಅದರ ಮೇಲೆ ಒಂದೇ ಅಳತೆಯ ಎರಡು ಬೆಂಕಿಕಡ್ಡಿ ಅಡ್ಡ ಇಟ್ಟರೆ ಮೇಲಿನದು ಉದ್ದವಾಗಿ ಕಾಣುತ್ತದೆ.

ಹಲಗೆಯನ್ನು ಹೊಸದಾಗಿ ಮಾಡುವವರಿಗೆ: ಗರಿಯ ಕೋನ 30 ಡಿಗ್ರಿ ಇರಲಿ, ಅಗಲವಾದಷ್ಟೂ ಭ್ರಮೆ ಸಪ್ಪೆಯಾಗುತ್ತದೆ. ಪಟ್ಟಿ ಸಡಿಲವಾಗಿ ಅಲ್ಲಾಡಬಾರದು. ಸ್ಕೇಲನ್ನು ಹಿಂಬದಿಗೆ ಅಂಟಿಸಿ.