ಚಿಪ್ ಎರಡು, ದುಡಿಯುವುದು ಒಂದೇ

ಹಳೇ ಡ್ಯುಯಲ್ ಜಿಯಾನ್ ವರ್ಕ್‌ಸ್ಟೇಶನ್‌ಗಳು, ಅಂದರೆ ಇಂಟೆಲ್‌ನ ಜಿಯಾನ್ ಪ್ರೊಸೆಸರ್ ಚಿಪ್ ಎರಡೆರಡು ಇರುವ ಕಂಪ್ಯೂಟರ್‌ಗಳು, ಈಗ ಕಲಬುರಗಿಗೂ ಬರತೊಡಗಿವೆ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಮಾಲು. ಮದುವೆ ವಿಡಿಯೊ ಮಿಕ್ಸಿಂಗ್ ಮಾಡುವವರು, ಫ್ಲೆಕ್ಸ್ ಡಿಸೈನ್ ಹುಡುಗರು ಸೋವಿ ಅಂತ ಆನ್‌ಲೈನ್‌ನಲ್ಲಿ ತರಿಸಿಕೊಂಡು, ಆಮೇಲೆ ಸೂಪರ್ ಮಾರ್ಕೆಟ್ ಕಡೆಯ ನನ್ನ ಅಂಗಡಿಗೆ ಹೊತ್ತು ತರುತ್ತಾರೆ.

ಜೇವರ್ಗಿಯ ವಿಡಿಯೊ ಹುಡುಗನೊಬ್ಬ ತಂದದ್ದರಲ್ಲಿ ಇ5-2670 ಅನ್ನುವ ಜಿಯಾನ್ ಚಿಪ್ ಎರಡು ಇದ್ದವು. "ಅಣ್ಣಾ, ಎರಡು ಪ್ರೊಸೆಸರ್ ಅಂತ ರೊಕ್ಕ ಕೊಟ್ಟೀನಿ, ಒಂದೇ ತೋರಸ್ಲಿಕತ್ತದ. ಇನ್ನೊಂದು ಸತ್ತದೇನು ನೋಡ್ರಿ." ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಾಕೆಟ್ (ಚಿಪ್ ಕೂರುವ ಜಾಗ) 1, ಕೋರ್ (ಚಿಪ್ಪಿನೊಳಗೆ ಕೆಲಸ ಮಾಡುವ ಘಟಕ) 8, ಲಾಜಿಕಲ್ ಪ್ರೊಸೆಸರ್ 16; ಇಲ್ಲಿ ಒಂದೊಂದು ಕೋರ್ ಎರಡಾಗಿ ಎಣಿಕೆಯಾಗುತ್ತದೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಪ್ರೊಸೆಸರ್ ವಿವರ ತೋರಿಸುವ ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟೆ. ಸಾಕೆಟ್ 2, ಸಿಪಿಯು (ಲಾಜಿಕಲ್ ಪ್ರೊಸೆಸರನ್ನೇ ಅದು ಹೀಗೆನ್ನುತ್ತದೆ) 32. ಚಿಪ್ಪಿಗೆ ಏನೂ ಆಗಿರಲಿಲ್ಲ. ಮಾರಿದವನು ಹಾಕಿ ಕಳಿಸಿದ್ದು ವಿಂಡೋಸ್ 10 ಹೋಮ್. ಅದು ಒಂದೇ ಸಾಕೆಟ್ ಬಳಸುತ್ತದೆ, ಪ್ರೊ ಆದರೆ ಎರಡು. ಒಂದು ಚಿಪ್ಪಿನಲ್ಲಿ ಎಂಟು ಕೋರ್ ಇದ್ದರೂ ಹೋಮ್‌ಗೆ ತಕರಾರಿಲ್ಲ, ಅದರ ಲೆಕ್ಕವೆಲ್ಲ ಸಾಕೆಟ್ಟಿನದು.

ಈ ಜಗಳ ಹಳೆಯದು. ಎಕ್ಸ್‌ಪಿ ಹೋಮ್‌ಗೂ ಒಂದೇ, ಪ್ರೊಫೆಷನಲ್‌ಗೆ ಎರಡು. ವಿಂಡೋಸ್ 98ಕ್ಕಂತೂ ಎರಡನೆಯದು ಕಣ್ಣಿಗೇ ಬೀಳುತ್ತಿರಲಿಲ್ಲ. 1999ರಲ್ಲಿ ಅಬಿಟ್ ಬಿಪಿ6 ಮದರ್‌ಬೋರ್ಡಿನ ಮೇಲೆ ಅಗ್ಗದ ಸೆಲೆರಾನ್ ಚಿಪ್ ಎರಡು ಕೂರಿಸಿದವರು ವಿಂಡೋಸ್ ಎನ್‌ಟಿ, ಲಿನಕ್ಸ್‌ನಂಥದ್ದು ಹಾಕಲೇಬೇಕಿತ್ತು. ಲಿನಕ್ಸ್ 1996ರ 2.0 ಆವೃತ್ತಿಯಲ್ಲೇ ಎರಡೆರಡು ಪ್ರೊಸೆಸರ್ ಬಳಸುವುದನ್ನು ಕಲಿತಿತ್ತು, ಆದರೆ ಅದರ ತಿರುಳಾದ ಕರ್ನಲ್‌ನ ಬಾಗಿಲಿಗೆ ಒಂದೇ ದೊಡ್ಡ ಬೀಗ. ಒಂದು ಸಲಕ್ಕೆ ಒಂದು ಪ್ರೊಸೆಸರ್ ಮಾತ್ರ ಒಳಗೆ. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಹಮಾಲರು ಎಷ್ಟಿದ್ದರೇನು, ತೊಗರಿ ತೂಗುವ ಕಾಂಟಾ ಒಂದೇ ಇದ್ದರೆ ಚೀಲ ಸಾಲಿನಲ್ಲೇ ನಿಲ್ಲಬೇಕು. ಆ ಬೀಗವನ್ನು ಸಣ್ಣ ಸಣ್ಣ ಬೀಗಗಳಾಗಿ ಒಡೆಯುತ್ತ ಬಂದು ಪೂರ್ತಿ ಕಿತ್ತದ್ದು 2011ರಲ್ಲಿ, 2.6.39ಕ್ಕೆ. ಹದಿನೈದು ವರ್ಷ!

ಪ್ರೊ ಕೀ ಹಾಕಿದ ಮೇಲೆ ಸಾಕೆಟ್ 2 ಅಂತ ಬಂತು. ಹುಡುಗ ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಿದ್ದ, ನಾನೇ ತಡೆದು ಕ್ಯಾಬಿನೆಟ್ ಬಿಚ್ಚಿದೆ. ರ‍್ಯಾಮ್ ನಾಲ್ಕೂ ಮೊದಲನೇ ಚಿಪ್ಪಿನ ಪಕ್ಕದಲ್ಲೇ ಕೂತಿದ್ದವು. ಈ ಬೋರ್ಡುಗಳಲ್ಲಿ ಒಂದೊಂದು ಚಿಪ್ಪಿಗೂ ಅದರದೇ ಸ್ಲಾಟುಗಳು. ತನ್ನ ಕಡೆ ಖಾಲಿ ಇದ್ದರೆ ಎರಡನೆಯದು ಎಲ್ಲವನ್ನೂ ಮೊದಲನೆಯದರ ಮೂಲಕವೇ ತರಿಸಿಕೊಳ್ಳಬೇಕು. ಯಾವ ಕೆಲಸ ಯಾವ ಚಿಪ್ಪಿಗೆ ಕೊಟ್ಟರೆ ರ‍್ಯಾಮ್ ಹತ್ತಿರ ಅಂತ ವಿಂಡೋಸೂ ನೋಡುತ್ತದೆ, ಲಿನಕ್ಸೂ ನೋಡುತ್ತದೆ. ಹತ್ತಿರ ಏನೂ ಇಲ್ಲದಿದ್ದರೆ ಅವಾದರೂ ಏನು ಮಾಡಿಯಾವು? ಎರಡೆರಡು ಹಂಚಿ ಹಾಕಿದೆ.

ವಿಡಿಯೊ ರೆಂಡರ್‌ಗೆ ಕೊಟ್ಟಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಲಾಜಿಕಲ್ ಪ್ರೊಸೆಸರ್‌ಗೆ ಒಂದರಂತೆ ಇರುವ 32 ಚೌಕಗಳೂ ತುಂಬಿದವು. ಆದರೆ ಅವನ ಯಾವುದೋ ಹಳೇ ಟೈಟಲ್ ಪ್ಲಗಿನ್ ಬಂದ ಕಡೆ ಒಂದೆರಡು ಚೌಕ ಮಾತ್ರ ಏರಿ, ಉಳಿದವು ತೆಪ್ಪಗೆ ಮಲಗಿದವು. ಅದಕ್ಕೆ ವಿಂಡೋಸ್, ಲಿನಕ್ಸ್‌ನಂಥ ಓಎಸ್‌ನಲ್ಲಿ ಮದ್ದಿಲ್ಲ, ಪ್ರೋಗ್ರಾಮ್ ಬರೆದವನೇ ಕೆಲಸ ಹಂಚಿರಬೇಕು. ಹಾಗೆ ನೋಡಿದರೆ ಅವನಿಗೆ ಜೋರಾಗಿ ಓಡುವ ಹೊಸ ಚಿಪ್ ಒಂದೇ ಸಾಕಿತ್ತು. ಇವು ಒಂದೊಂದೂ 115 ವಾಟಿನವು. ಮನೆಗೆ ಒಯ್ದು ಹಚ್ಚಿದ ದಿನವೇ ಅವನ ಸಣ್ಣ ಯುಪಿಎಸ್ ಕೂಗಲಿಕ್ಕೆ ಶುರು ಮಾಡಿದೆ. ಈಗ ದೊಡ್ಡದರ ರೇಟ್ ಕೇಳಿಕೊಂಡು ಫೋನ್ ಮಾಡುತ್ತಿದ್ದಾನೆ.