ಅಜ್ಜನ ಬಾಯಲ್ಲಿ ಅದು ಕೋಟೆ

ಮಡಿಕೇರಿ ಕೋಟೆಯೊಳಗಿನ ಅರಮನೆಯನ್ನು ನಮ್ಮ ಮನೆಯಲ್ಲಿ ಯಾರೂ ಅರಮನೆ ಅಂತ ಕರೆದದ್ದೇ ಇಲ್ಲ. ಅಜ್ಜ ಬಿಳಿ ಅಂಗಿ ಹಾಕಿ, ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ "ಕೋಟೆಗೆ ಹೋಗಿ ಬರ್ತೇನೆ" ಅಂದರೆ ಜಮ್ಮಾ ಜಾಗದ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನಿನ, ಕೆಲಸ ಅಂತ ಅರ್ಥ. ಜಿಲ್ಲಾಧಿಕಾರಿ ಕಚೇರಿ ಆಗ ಅಲ್ಲೇ ಇತ್ತು. ಈಗ ಬೇರೆ ಕಟ್ಟಡಕ್ಕೆ ಹೋಗಿದೆ.

ಒಂದು ಜುಲೈಯಲ್ಲಿ ನನ್ನನ್ನೂ ಕರಕೊಂಡು ಹೋದರು. ಮಡಿಕೇರಿ ಮಳೆ ಗೊತ್ತಲ್ಲ, ಕೊಡೆ ಇದ್ದೂ ಸೊಂಟದವರೆಗೆ ಒದ್ದೆ. ಸಿಂಹಾಸನ ನೋಡಬಹುದು ಅಂತ ಹೋದವನಿಗೆ ಕಂಡದ್ದು ಕಟ್ಟು ಕಟ್ಟು ಫೈಲು, ಗೋಡೆಗೆ ಒರಗಿಸಿಟ್ಟ ಕೊಡೆಗಳು, ಅವುಗಳಿಂದ ಇಳಿದು ಹರಿಯುತ್ತಿದ್ದ ನೀರು. ಸರದಿ ಬರುವ ಹೊತ್ತಿಗೆ ಅಜ್ಜ ಕವರು ತಡಕಾಡಿದರು. ಕಂದಾಯದ ರಸೀದಿ ಮನೆಯಲ್ಲೇ ಉಳಿದಿತ್ತು!

ಬಸ್ಸಿಗೆ ಇನ್ನೂ ಎರಡು ಗಂಟೆ. ಸುಮ್ನೆ ಕೂರುವ ಬದಲು ಕೋಟೆ ತೋರಿಸಿದರು. ಮೂಲೆಯಲ್ಲಿ ಎರಡು ಗಾರೆ ಆನೆಗಳು, ನಿಜವಾದ ಆನೆಯಷ್ಟೇ ಎತ್ತರ. ಸೊಂಡಿಲು ಮುಟ್ಟಿದೆ, ತಣ್ಣಗೆ ಜಾರುತ್ತಿತ್ತು. ಅರಸ ಸಿಟ್ಟಿನಲ್ಲಿ ಎರಡು ಆನೆ ಕೊಂದು, ಆಮೇಲೆ ನೊಂದುಕೊಂಡು ಕಟ್ಟಿಸಿದ್ದಂತೆ. "ದೊಡ್ಡವರ ಸಿಟ್ಟು ಹಾಗೇ" ಅಂದರು ಅಜ್ಜ. ಎದುರಿಗಿನ ಚರ್ಚು 1855ರದ್ದು, ಇಂಗ್ಲಿಷರು ವೀರಭದ್ರನ ಗುಡಿ ಕೆಡವಿ ಕಟ್ಟಿದ್ದು. ಅದೂ ಈಗ ಮ್ಯೂಸಿಯಂ.

ಇಸವಿಗಳೆಲ್ಲ ನಾನು ಆಮೇಲೆ ಓದಿಕೊಂಡದ್ದು. ಕೊಡಗಿನ ಅರಸ ಮುದ್ದುರಾಜ 17ನೇ ಶತಮಾನದಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜ ಕೋಟೆಯನ್ನು ವಾಪಸ್ ಪಡೆದ. ಈಗಿನ ಅರಮನೆ ಲಿಂಗರಾಜನದ್ದು, 1814ಕ್ಕೆ ಮುಗಿಯಿತು. 1834ರಲ್ಲಿ ಇಂಗ್ಲಿಷರು ಚಿಕವೀರರಾಜನನ್ನು ಇಳಿಸಿದರು. ಅಂದರೆ ಆ ಕಟ್ಟಡದಲ್ಲಿ ಅರಸರ ಆಳ್ವಿಕೆ ಇಪ್ಪತ್ತೇ ವರ್ಷ! ಆಮೇಲೆ ಕೋಟೆಯೊಳಗೆ ಕಚೇರಿ, ಕೋರ್ಟು, ಜೈಲು, ಲೈಬ್ರರಿ ಎಲ್ಲ ಬಂದವು. ಗಡಿಯಾರದ ಗೋಪುರ ಕೂಡ 1933ರಲ್ಲಿ ಸೇರಿಸಿದ್ದು. ಕಟ್ಟಡಕ್ಕೆ ಅರಸರಿಗಿಂತ ಅಜ್ಜನಂಥವರ ಪರಿಚಯವೇ ಜಾಸ್ತಿ, ಅಲ್ವಾ?

ಮುಂದಿನ ಸೋಮವಾರ ರಸೀದಿಯನ್ನು ಎರಡೆರಡು ಸಲ ನೋಡಿಕೊಂಡು ಅಜ್ಜ ಮತ್ತೆ ಕೋಟೆಗೆ ಹೊರಟರು. ನಾನು ಚಪ್ಪಲಿ ಹಾಕಿ ನಿಂತಿದ್ದೆ. "ಶಾಲೆ ಇಲ್ವಾ ನಿಂಗೆ?" ಅಂದರು.