ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೀರಾ? ಜೇನು ಕೊಳ್ಳೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ, ನಾವು ಹುಲಿ ನೋಡಲಿಲ್ಲ. ಸಫಾರಿಗೇ ಹೋಗಲಿಲ್ಲ. ಈ ಬೆಟ್ಟದ ಬುಡಕಟ್ಟು ಜನ ಸೋಲಿಗರು, ಅವರ ಹಾಡಿಗಳಾದ ಪೋಡುಗಳಲ್ಲಿ ಕಾಡು ಕಾಯೋ ಕೆಲಸ ಹೇಗೆ ನಡೀತಿದೆ ಅಂತ ನೋಡೋಕೆ ಮೇ ತಿಂಗಳಲ್ಲಿ ನಾನೂ ತಂಗಿಯೂ ಹೋಗಿದ್ವಿ. ಹುಲಿಯ ಫೋಟೊ ಬೇಕಿದ್ದವರಿಗೆ ಇಲ್ಲೇನೂ ಸಿಗಲ್ಲ.

ಮೈಸೂರಿನಿಂದ ನರಸೀಪುರದ ಮೇಲೆ ಯಳಂದೂರಿನ ತನಕ ತಕರಾರಿಲ್ಲ. ಅಲ್ಲಿಂದ ಬೆಟ್ಟಕ್ಕೆ ಹೋಗೋ ಬಸ್ಸೇ ಪರೀಕ್ಷೆ. ನಾವು ಮಾಡಿದ ತಪ್ಪು ಶನಿವಾರ ಹೋಗಿದ್ದು. ಬೆಟ್ಟದ ದೇವರು ರಂಗಪ್ಪನ ಒಕ್ಕಲೆಲ್ಲ ಅವತ್ತೇ ಹೊರಟಿತ್ತು. ನನ್ನ ಕಾಲಿನ ಮೇಲೆ ಯಾರದೋ ಈರುಳ್ಳಿ ಮೂಟೆ, ತಂಗಿಯ ತೊಡೆ ಮೇಲೆ ಪರಿಚಯವೇ ಇಲ್ಲದ ಒಂದು ಮಗು. ಗುಂಬಳ್ಳಿ ದಾಟಿ ತಿರುವುಗಳು ಶುರುವಾದ ಮೇಲೆ ಮುಂದಿನ ಸೀಟಿನವರು ಕಿಟಕಿಯಾಚೆ ವಾಂತಿ ಮಾಡ್ಕೊಂಡ್ರು, ಗಾಳಿ ಅದನ್ನ ಹಿಂದಕ್ಕೇ ತಂತು. ಘಾಟಿ ಹತ್ತೋ ಮುಂಚೆ ನಿಮ್ಮ ಕಿಟಕಿ ಎಳ್ಕೊಂಡುಬಿಡಿ. ಮಂಗಳವಾರವೋ ಬುಧವಾರವೋ ಹೋದ್ರೆ ಇನ್ನೂ ಒಳ್ಳೇದು. ನನಗಂತೂ ಜನಜಂಗುಳಿ ಆಗಿಬರಲ್ಲ, ಆಗಿಬರೋರು ಇಷ್ಟು ತಲೆ ಕೆಡಿಸ್ಕೋಬೇಕಾಗಿಲ್ಲ.

ರೂಮಿನ ಕತೆ ಬೇರೆ. ಫೋನಿನಲ್ಲಿ 1,200 ಅಂದಿದ್ದೋರು ಕೌಂಟರಿನಲ್ಲಿ 2,200 ಅಂದ್ರು. "ಸೀಸನ್ ಮೇಡಂ." ಬಿಸಿನೀರು ಬಕೆಟ್ಟಿಗೆ 50. ಬಚ್ಚಲ ಕಿಟಕಿಗೆ ಗಾಜಿಲ್ಲ, ಸೋಪನ್ನ ಕೋತಿ ಒಯ್ತು. ಕತ್ತಲಾದ ಮೇಲೆ ಚೆಕ್‌ಪೋಸ್ಟ್ ದಾಟಿ ಕೆಳಗಿಳಿಯೋ ಹಾಗಿಲ್ಲ, ಅದು ಅವರಿಗೂ ಗೊತ್ತು. ದರವನ್ನ ವಾಟ್ಸಾಪಿನಲ್ಲಿ ಬರೆಸ್ಕೊಂಡೇ ಹತ್ತಿ.

ಆ ಬೇಜಾರನ್ನ ಇಳಿಸಿದ್ದು ಒಂದು ತಗಡಿನ ಮಾಡಿನ ಊಟದ ಮನೆ. ಬೋರ್ಡಿಲ್ಲ, ಎರಡೇ ಬೆಂಚು. ಮುದ್ದೆ, ಉಪ್ಸಾರು, ಪಕ್ಕದಲ್ಲಿ ಕಲ್ಲಲ್ಲಿ ಅರೆದ ಖಾರ. ಉಪ್ಸಾರಿಗೆ ಅಲಸಂದೆ ಕಾಳಿನ ಜೊತೆ ಬೇಲಿಯಲ್ಲಿ ಕಿತ್ತ ಎರಡು ಮೂರು ಥರದ ಸೊಪ್ಪು ಹಾಕಿದ್ರು. ಒಂದರ ಹೆಸರು ಕೇಳಿದ್ರೆ ಆಕೆ ನಕ್ಕು "ಅದು ಸೊಪ್ಪು ಕನ, ತಿನ್ನಿ" ಅಂದ್ರು. ಖಾರದಲ್ಲಿ ಸುಟ್ಟ ಬೆಳ್ಳುಳ್ಳಿ, ಮೆಣಸು, ಚೂರು ಹುಣಸೆ. ಮುದ್ದೆ ಮುರಿದು ಖಾರಕ್ಕೆ ಮುಟ್ಟಿಸಿ, ಸಾರಿನಲ್ಲಿ ಅದ್ದಿ ನುಂಗಬೇಕು. ನಾನು ಚಾಮರಾಜನಗರದ ಸೊಸೆ ಆಗಿದ್ರೆ ಸಾಕಿತ್ತು ಅನ್ನಿಸ್ತು. ಇಬ್ಬರಿಗೂ ಸೇರಿ 110 ರೂಪಾಯಿ. ಅಲ್ಲೇ ಮೂರು ಹೊತ್ತು ಉಂಡ್ವಿ. ಭಾನುವಾರ ಬೇರೆ ಏನು ಮಾಡಿದ್ವಿ ಅಂತ ನೆನಪಿಲ್ಲ.

ಪೋಡಿಗೆ ಕರ್ಕೊಂಡು ಹೋಗಿದ್ದು ಆ ಊಟದ ಮನೆಯವರ ಸಂಬಂಧಿ, ಒಬ್ಬ ಸೋಲಿಗ ಅಜ್ಜ. ಒಂದು ಮಾತು: ಅಭಯಾರಣ್ಯದೊಳಗೆ ನೀವಾಗೇ ನಡ್ಕೊಂಡು ನುಗ್ಗಬೇಡಿ, ಅದು ಅಪರಾಧ. ನಾವು ಮನೆಗಳ ಸುತ್ತ, ಅವರ ಕಾಫಿ ಗಿಡಗಳ ನಡುವೆ ಅಷ್ಟೇ ಓಡಾಡಿದ್ದು. ಕಾಫಿ ತೋಟ ಅಂದ್ರೆ ಕೊಡಗಿನ ಲೆಕ್ಕ ಹಾಕ್ಬೇಡಿ. ಮೇಲೆ ಕಾಡುಮರಗಳು ಹಾಗೇ ಇವೆ, ಕೆಳಗೆ ಕಾಫಿ ಗಿಡ. ಬ್ಲ್ಯಾಕ್ ಬಾಜಾದಂಥ ಕಾಫಿ ಕಂಪನಿಯವರು ಈ ನೆರಳಿನ ಕಾಫಿಯನ್ನೇ ಇಲ್ಲಿನ ಸಣ್ಣ ಬೆಳೆಗಾರರಿಂದ ಕೊಳ್ಳೋದು. ಮರ ನಿಂತಿದ್ರೇ ಬೆಲೆ.

ಬೇಲಿಯಾಚೆ ಆಳೆತ್ತರದ ಲಂಟಾನ, ಹೊರದೇಶದಿಂದ ಬಂದು ಕಾಡೆಲ್ಲ ಹಬ್ಬಿರೋ ಕಳೆ. ಅಜ್ಜ ಒಂದು ಕೊಂಬೆ ಎತ್ತಿ ಹಿಡಿದು ಕೆಳಗೆ ಬಗ್ಗಿ ನೋಡಿ ಅಂದ್ರು. ಒಣಗಿದ ಕಡ್ಡಿ, ಬರೀ ಮಣ್ಣು. ಒಂದು ಎಳೆ ಹುಲ್ಲಿಲ್ಲ. "ಕಡವೆ ಏನು ತಿಂತದೆ? ಕಡವೆ ಇಲ್ದೆ ಹುಲಿ ಏನು ತಿಂತದೆ?" ಮುಂಚೆ ಬೇಸಿಗೆ ಶುರುವಿನಲ್ಲಿ ತರಗೆಲೆಗಷ್ಟೇ ಹತ್ತೋ ಸಣ್ಣ ಬೆಂಕಿ ಇಡ್ತಿದ್ರಂತೆ, ತರಗು ಬೆಂಕಿ ಅಂತ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತುಹೋಯ್ತು. ಲಂಟಾನ ಹಬ್ಬಿದ್ದಕ್ಕೂ ನೆಲ್ಲಿಮರಕ್ಕೆ ಬಂದಳಿಕೆ (ಮರದ ಮೇಲೇ ಬೆಳೆದು ಅದರ ಸಾರ ಹೀರೋ ಗಿಡ) ಹತ್ತಿದ್ದಕ್ಕೂ ಬೆಂಕಿ ನಿಂತಿದ್ದೇ ಕಾರಣ ಅಂತಾರೆ ಸೋಲಿಗರು. ಬಂದಳಿಕೆಗೆ ಅವರ ಮಾತು ಉಪ್ಪಿಲು. ಪಕ್ಕದ ನೆಲ್ಲಿಮರದ ಅರ್ಧ ತಲೆ ಉಪ್ಪಿಲಿನದ್ದೇ ಹಸಿರು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಅಟ್ರೀಯ ಸಂಶೋಧಕರು ವರ್ಷಗಟ್ಟಲೆ ಇಲ್ಲೇ ಇದ್ದು ಈ ಮಾತುಗಳನ್ನ ಅಳೆದು ನೋಡಿದ್ದಾರೆ. ಸೋಲಿಗರ ಜೊತೆ ಕೂತು ಅವರ ದೇವರ ಜಾಗಗಳ, ಕಲ್ಲುಗುಡಿಗಳ ನಕ್ಷೆಯನ್ನೂ ಮಾಡಿದ್ದಾರೆ.

2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಪೋಡುಗಳಿಂದ ಎಬ್ಬಿಸ್ತಾರೆ ಅಂತ ಹೆದರಿದ್ದ ಸೋಲಿಗರಿಗೆ ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಸಿಕ್ತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಹಾಗೆ ಸಿಕ್ಕಿದ್ದು ಇಲ್ಲೇ ಮೊದಲು. ಅದಕ್ಕೂ ಮುಂಚೆ ಕೆಲವು ವರ್ಷ ಜೇನು, ನೆಲ್ಲಿ, ಪಾಚಿ ಯಾವುದನ್ನೂ ಮಾರೋಕೆ ಅಂತ ಕಾಡಿನಿಂದ ತರೋ ಹಾಗಿರಲಿಲ್ಲ, ನಿಷೇಧ ಇತ್ತು. ಅಜ್ಜ ಹಕ್ಕುಪತ್ರದ ಜೆರಾಕ್ಸನ್ನ ಪ್ಲಾಸ್ಟಿಕ್ ಕವರಿನಲ್ಲಿಟ್ಟು ದೇವರ ಗೂಡಿನಲ್ಲಿ ಇಟ್ಟಿದ್ರು. ಹುಲಿಯ ಮಾತು ಬಂದಾಗೆಲ್ಲ ಹುಲಿವೀರಪ್ಪ ಅಂತಲೇ ಅನ್ನೋರು. ಬೆಟ್ಟದ ರಂಗನಾಥ ಸೋಲಿಗರಿಗೆ ಭಾವ, ಅವರ ಹುಡುಗಿ ಕುಸುಮಾಲೆಯನ್ನ ಹಾರಿಸ್ಕೊಂಡು ಹೋದೋನು. "ಭಾವನ ಮನೆಗೆ ಟಿಕೆಟ್ ಯಾಕೆ ತಗೊಂಡ್ರಿ" ಅಂತ ನಮ್ಮನ್ನೇ ರೇಗಿಸಿದ್ರು.

ಈಗ ಜೇನಿನ ವಿಷಯ. ಬಂದ ದಿನವೇ ರಸ್ತೆಬದಿಯಲ್ಲಿ ಹಳೇ ಬಾಟಲಿಯಲ್ಲಿ ತುಂಬಿಟ್ಟಿದ್ದ "ಅಪ್ಪಟ ಕಾಡುಜೇನು" 450 ಕೊಟ್ಟು ತಗೊಂಡಿದ್ದೆ. ಅಜ್ಜ ಅದನ್ನ ಬೆರಳಿಗೆ ಹಚ್ಚಿ ನೆಕ್ಕಿ, ಏನೂ ಹೇಳದೆ ಬೆರಳನ್ನ ಪಂಚೆಗೆ ಒರೆಸ್ಕೊಂಡ್ರು. ಆಮೇಲೆ ಒಳಗಿನಿಂದ ಒಂದು ಲೋಟದಲ್ಲಿ ಹೆಜ್ಜೇನಿನ ತುಪ್ಪ ತಂದ್ರು. ಕಂದು ಬಣ್ಣ, ತೆಳ್ಳಗೆ, ಮೊದಲು ಸಿಹಿ, ಗಂಟಲಿಗಿಳಿದಾಗ ಕಹಿ. ನೇರಳೆ ಹೂ ಬಿಟ್ಟ ಕಾಲದ ಜೇನು ಹೀಗೇ ಇರುತ್ತಂತೆ. ಜೇನುತಟ್ಟಿ ಪೂರ್ತಿ ಕೊಯ್ಯಲ್ಲ, ಜೇನುಹುಳಕ್ಕೂ ಒಂದು ಪಾಲು ಬಿಡ್ತಾರೆ. ರಾತ್ರಿ ಮರ ಹತ್ತಿ ಇಳಿಸೋದನ್ನ ಕೇಳ್ತಾ ಕೂತ್ರೆ ಬಸ್ಸು ತಪ್ಪುತ್ತೆ, ನಮಗೆ ತಪ್ಪಿತು. ಕೊಳ್ಳೋದಿದ್ರೆ ಸೋಲಿಗರ ಸಹಕಾರ ಸಂಘದಲ್ಲೇ ಕೇಳಿ, ಇಲ್ಲದಿದ್ರೆ ಇಳಿಸಿದವರ ಕೈಯಿಂದಲೇ.

ರಸ್ತೆಬದಿಯದ್ದು, ಅಜ್ಜನ ಹತ್ತಿರದ್ದು, ಎರಡೂ ಬಾಟಲಿ ಮನೆಗೆ ತಂದ್ವಿ. ಅಮ್ಮ ಕಹಿ ಜೇನು ರುಚಿ ನೋಡಿ, ಕೆಟ್ಟುಹೋಗಿದೆ ಅಂತ ಅಟ್ಟದ ಮೇಲಿಟ್ಟಿದ್ದಾರೆ. ರಸ್ತೆಬದಿಯ ಸಕ್ಕರೆ ಪಾಕ ದಿನಾ ಚಪಾತಿ ಜೊತೆ ಖಾಲಿಯಾಗ್ತಿದೆ.